ಕ್ಯಾಮೆರಾಕ್ಕೂ ಮೊದಲು: ಪಳೆಯುಳಿಕೆ ಡಯಾಟಮ್‌ಗಳ ಚಿತ್ರ ತೆಗೆಯುವ ಕೆಲಸ

(ಮೈಸೂರಿನಲ್ಲಿ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಹವ್ಯಾಸಿ ಛಾಯಾಗ್ರಾಹಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಅಲ್ಲಲ್ಲಿ ವಿವರಣೆ ಸೇರಿಸಿದೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಮೈಕ್ರೋಸ್ಕೋಪಿಗೆ ಯಾವ ಕ್ಯಾಮೆರಾ ಹಾಕಬೇಕು? ಬಂದವರಲ್ಲಿ ಹೆಚ್ಚಿನವರು ಬಾಗಿಲಲ್ಲೇ ಇದನ್ನು ಕೇಳಿದ್ದೀರಿ. ಉತ್ತರ ಹೇಳುತ್ತೇನೆ, ಆದರೆ ಕಡೆಗೆ. ಡಯಾಟಮ್ ಚಿತ್ರ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಶಟರ್ ಒತ್ತುವ ಹೊತ್ತಿಗೆ ಆಗಲೇ ತೀರ್ಮಾನವಾಗಿರುತ್ತದೆ. ಮಣ್ಣನ್ನು ಎಷ್ಟು ತೊಳೆದಿರಿ, ಡಯಾಟಮ್ಮಿನ ಗಾಜಿನಂಥ ಚಿಪ್ಪನ್ನು ಯಾವ ಅಂಟಿನಲ್ಲಿ ಕೂರಿಸಿದಿರಿ, ಕವರ್ ಸ್ಲಿಪ್ (ಮೇಲೆ ಮುಚ್ಚುವ ತೆಳು ಗಾಜು) ಎಷ್ಟು ದಪ್ಪ, ಕಂಡೆನ್ಸರ್ (ಸ್ಲೈಡಿನ ಕೆಳಗಿನಿಂದ ಬೆಳಕು ಕೂಡಿಸಿ ಕೊಡುವ ಲೆನ್ಸ್) ಎಷ್ಟು ತೆರೆದಿದೆ – ಈ ನಾಲ್ಕರಲ್ಲಿ ಒಂದು ಕೆಟ್ಟರೂ ಲಕ್ಷ ರೂಪಾಯಿಯ ಕ್ಯಾಮೆರಾ ಅದನ್ನು ಸರಿಮಾಡಲಾರದು. ನಾಲ್ಕೂ ಸರಿಯಿದ್ದರೆ ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಬೆರಗಾಗುವಂಥ ಚಿತ್ರ ಬರುತ್ತದೆ.

ಡಯಾಟಮ್ ಏಕಕೋಶದ ಪಾಚಿ. ನಮ್ಮ ಕಾವೇರಿಯಲ್ಲಿದೆ, ಕುಕ್ಕರಹಳ್ಳಿ ಕೆರೆಯಲ್ಲಿದೆ, ನಾಲೆಯ ಕಲ್ಲಿನ ಮೇಲೆ ಕಂದು ಲೋಳೆಯಾಗಿ ಕಾಲು ಜಾರಿಸುವುದರಲ್ಲೂ ಅದರ ಪಾಲಿದೆ. ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿಕೊಂಡು ತನ್ನ ಸುತ್ತ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುತ್ತದೆ. ಚಿಪ್ಪಿಗೆ ಎರಡು ಕವಾಟ, ಒಂದು ತುಸು ದೊಡ್ಡದು, ಇನ್ನೊಂದು ತುಸು ಚಿಕ್ಕದು. ದೊಡ್ಡದರ ಅಂಚು ಚಿಕ್ಕದರ ಮೇಲೆ ಕೂರುತ್ತದೆ. ಕವಾಟದ ತುಂಬ ಸಾಲುಸಾಲು ರಂಧ್ರ. ಜೀವ ಹೋದ ಮೇಲೆ ಚಿಪ್ಪು ತಳ ಸೇರುತ್ತದೆ. ಲಕ್ಷಾಂತರ ವರ್ಷ ಹಾಗೆ ಸೇರುತ್ತಲೇ ಹೋದರೆ ಬಿಳಿಯ ಹಗುರ ಕಲ್ಲಾಗುತ್ತದೆ. ಅದೇ ಡಯಾಟಮೈಟ್. ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟಿನಲ್ಲಿ ನೈಟ್ರೋಗ್ಲಿಸರಿನ್ನನ್ನು ಹೀರಿ ಹಿಡಿದಿಟ್ಟದ್ದು ಈ ಮಣ್ಣೇ.

ಹೆಸರಾದ ನಿಕ್ಷೇಪಗಳು ಹಲವು. ನ್ಯೂಜಿಲೆಂಡಿನ ಓಮರೂವಿನದು ಈಯೋಸೀನ್ ಯುಗದ ಕೊನೆಯ ಭಾಗದ್ದು, ಅಂದರೆ ಸುಮಾರು 3.5 ಕೋಟಿ ವರ್ಷ ಹಳೆಯದು. ಟ್ರೈಸೆರೇಷಿಯಮ್, ಆಲಕೋಡಿಸ್ಕಸ್, ಅರಾಕ್ನಾಯ್ಡಿಸ್ಕಸ್ ಮುಂತಾದ ದೊಡ್ಡ, ಗಟ್ಟಿ ಚಿಪ್ಪುಗಳಿಗೆ ಅದನ್ನು ಮೀರಿಸುವ ಜಾಗ ಕಡಿಮೆ. ಡೆನ್ಮಾರ್ಕಿನ ಫುರ್ ಮತ್ತು ಮೋರ್ಸ್ ದ್ವೀಪಗಳ ಮಣ್ಣು ಸುಮಾರು 5.5 ಕೋಟಿ ವರ್ಷ ಹಳೆಯದು. ಅದರ ನಡುವೆ ನೂರಕ್ಕೂ ಹೆಚ್ಚು ಜ್ವಾಲಾಮುಖಿ ಬೂದಿಯ ಪದರಗಳಿವೆ. ಆ ಮಣ್ಣಿನ ಸ್ಲೈಡಿನಲ್ಲಿ ಚೂಪು ಅಂಚಿನ, ರಂಧ್ರವಿಲ್ಲದ ಗಾಜಿನ ಚೂರು ಕಂಡರೆ ಅದು ಬೂದಿ. ಒಡೆದ ಡಯಾಟಮ್ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಲೋಂಪೋಕಿನದು ಮಯೋಸೀನ್ ಯುಗದ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದಿನ) ಸಮುದ್ರದ ನಿಕ್ಷೇಪ, ಇಂದಿಗೂ ದೊಡ್ಡ ಗಣಿ. ನಮ್ಮ ದೇಶದಲ್ಲಿ ಅಂಡಮಾನ್–ನಿಕೋಬಾರ್ ದ್ವೀಪಗಳಲ್ಲಿ ಮಯೋಸೀನ್ ಕಾಲದ ಸಮುದ್ರ ಡಯಾಟಮ್‌ಗಳಿವೆ, ಕಾಶ್ಮೀರದ ಕರೇವಾ ಪದರಗಳಲ್ಲಿ ಸಿಹಿನೀರಿನವು ಸಿಗುತ್ತವೆ. ಇನ್ನೂ ಹಿಂದಕ್ಕೆ ಹೋದಂತೆ ಒಳ್ಳೆಯ ಚಿಪ್ಪು ಅಪರೂಪ. ಚಿಪ್ಪಿನ ಸಿಲಿಕಾ ಹರಳಾಗದ ಓಪಲ್ ರೂಪದಲ್ಲಿರುತ್ತದೆ. ಆಳದಲ್ಲಿ ಹೂತು ಬಿಸಿಗೆ ಸಿಕ್ಕಿದರೆ ಅದು ನಿಧಾನವಾಗಿ ಹರಳಿನ ರೂಪಕ್ಕೆ ತಿರುಗಿ, ಕೊನೆಗೆ ಸ್ಫಟಿಕಶಿಲೆಯಾಗುತ್ತದೆ. ಆ ಹಾದಿಯಲ್ಲಿ ಮೊದಲು ಅಳಿಸಿಹೋಗುವುದೇ ನಮಗೆ ಬೇಕಾದ ಸೂಕ್ಷ್ಮ ರಂಧ್ರಗಳು.

ನಮ್ಮ ನಾಡಿನ ಇಂದಿನ ಡಯಾಟಮ್‌ಗಳ ಬಗ್ಗೆ ಒಂದು ಮಾತು. ಡಯಾಟಮ್ ತಜ್ಞ ಎಚ್. ಪಿ. ಗಾಂಧಿಯವರು 1950ರ ದಶಕದ ಕೊನೆಯಲ್ಲಿ ಆಗಿನ ಮೈಸೂರು ರಾಜ್ಯದ ಸಾಗರ ಮತ್ತು ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲ ಡಯಾಟಮ್‌ಗಳನ್ನು ವರ್ಣಿಸಿ ಪ್ರಕಟಿಸಿದ್ದರು. ಪಳೆಯುಳಿಕೆಯನ್ನು ಗುರುತಿಸಬೇಕೆನ್ನುವವರಿಗೆ ಇಂದಿನ ಚಿಪ್ಪಿನ ಪರಿಚಯ ಮೊದಲು ಬೇಕು.

ಮಣ್ಣಿನಿಂದ ಚಿಪ್ಪಿನವರೆಗೆ

ಎರಡು–ಮೂರು ಗ್ರಾಂ ಕಲ್ಲು ಸಾಕು. ಅದನ್ನು ಕುಟ್ಟಲೇಬೇಡಿ, ಕುಟ್ಟಿದರೆ ಮೊದಲು ಒಡೆಯುವುದು ದೊಡ್ಡ ಚಿಪ್ಪುಗಳೇ. ಮೆತ್ತಗಿನ ಡಯಾಟಮೈಟ್ ಬಿಸಿನೀರಿನಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಟ್ಟಿಯಿದ್ದರೆ ಚೂರನ್ನು ಚೆನ್ನಾಗಿ ಒಣಗಿಸಿ, ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಎಣ್ಣೆ ಬಸಿದು, ಬಿಸಿನೀರು ಸುರಿಯಿರಿ. ನೀರು ಸಂದುಗಳಿಗೆ ನುಗ್ಗಿ ಎಣ್ಣೆಯನ್ನು ಹೊರದೂಡುವಾಗ ಕಲ್ಲು ಅರಳಿಕೊಳ್ಳುತ್ತದೆ. ಒಣಗಿಸುವುದರಲ್ಲಿ ಅವಸರ ಮಾಡಿದರೆ ಈ ಉಪಾಯ ಫಲಿಸುವುದಿಲ್ಲ. ಒಳಗೆ ತೇವವಿದ್ದಲ್ಲಿ ಎಣ್ಣೆ ಇಳಿಯುವುದಿಲ್ಲ. ಬೆಂಕಿಯ ಹತ್ತಿರ ಮಾಡಬಾರದು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಇನ್ನೊಂದು ದಾರಿ ಸೋಡಿಯಂ ಅಸಿಟೇಟಿನ ಬಿಸಿ ಗಟ್ಟಿ ದ್ರಾವಣದಲ್ಲಿ ನೆನೆಸಿ ತಣಿಸುವುದು. ಸಂದಿನಲ್ಲಿ ಹರಳು ಬೆಳೆದು ಕಲ್ಲನ್ನು ಸೀಳುತ್ತದೆ. ಮತ್ತೆ ಕಾಯಿಸಿ, ಮತ್ತೆ ತಣಿಸಿ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಬಿಡಿಸುವ ಹಳೆಯ ಪದ್ಧತಿಯೂ ಇದೆ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಕ್ಷಾರ ಸಿಲಿಕಾವನ್ನೇ ಕರಗಿಸುತ್ತದೆ. ಕೆಲವೇ ನಿಮಿಷ ಹೆಚ್ಚಾದರೂ ತೆಳು ಚಿಪ್ಪುಗಳು ಹೋಗಿರುತ್ತವೆ, ಉಳಿದವುಗಳ ರಂಧ್ರ ಅಗಲವಾಗಿರುತ್ತದೆ.

ಬಿಚ್ಚಿಕೊಂಡ ಮಣ್ಣಿಗೆ ಮೊದಲು ಶೇ 10ರ ಹೈಡ್ರೋಕ್ಲೋರಿಕ್ ಆಮ್ಲ. 250 ಮಿ.ಲೀ. ಬೀಕರಿನಲ್ಲಿ 50 ಮಿ.ಲೀ. ಸಾಕು, ಸ್ವಲ್ಪಸ್ವಲ್ಪವೇ ಹಾಕಿ. ಸುಣ್ಣದ ಅಂಶವಿದ್ದರೆ ನೊರೆ ಉಕ್ಕುತ್ತದೆ. ನೊರೆ ಪೂರ್ತಿ ನಿಂತ ಮೇಲೆ ತೊಳೆಯಿರಿ. ಇಲ್ಲಿ ಒಂದು ಕಟ್ಟುನಿಟ್ಟಿನ ಮಾತಿದೆ: ಸುಣ್ಣ ಹೋಗುವ ಮೊದಲು ಗಂಧಕಾಮ್ಲ ಬಳಸಬಾರದು. ಬಳಸಿದರೆ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್ ಸೂಜಿಗಳು ಹುಟ್ಟಿಕೊಳ್ಳುತ್ತವೆ. ಎಷ್ಟು ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ, ಸ್ಲೈಡಿನ ತುಂಬ ಅವೇ. ನಿಜ ಹೇಳಬೇಕೆಂದರೆ ಮನೆಯಲ್ಲಿ ಮಾಡುವವರಿಗೆ ಗಂಧಕಾಮ್ಲ, ನೈಟ್ರಿಕ್ ಆಮ್ಲ ಬೇಕಾಗಿಯೇ ಇಲ್ಲ. ಕಕ್ಕಸು ತೊಳೆಯುವ ಆಮ್ಲವನ್ನೂ ತರಬೇಡಿ, ಅದರಲ್ಲಿ ಬಣ್ಣ, ಮಂದಕಾರಕ ಎಲ್ಲ ಸೇರಿರುತ್ತದೆ. ಆಮ್ಲವಿರುವ ಬೀಕರಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಎರಡೂ ಒಂದೇ ಮೇಜಿನ ಮೇಲಿರುವುದೇ ಬೇಡ.

ಆಮೇಲೆ ಸಾವಯವ ಕೊಳೆ ತೆಗೆಯಲು ಹೈಡ್ರೋಜನ್ ಪೆರಾಕ್ಸೈಡ್. ಪ್ರಯೋಗಾಲಯದಲ್ಲಿ ಶೇ 30ರದು, 30 ಮಿ.ಲೀ.ನಷ್ಟು, 80ರಿಂದ 90 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದೆರಡು ಗಂಟೆ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಬೇಕೇಬೇಕು. ಈ ಸಾಂದ್ರತೆಯ ಪೆರಾಕ್ಸೈಡ್ ಚರ್ಮವನ್ನು ಸುಟ್ಟು ಬಿಳಿ ಮಾಡುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಶೇ 6ರದು. ಅದೂ ಕೆಲಸ ಮಾಡುತ್ತದೆ, ಆದರೆ ಗಂಟೆಗಳ ಕೆಲಸಕ್ಕೆ ದಿನಗಳು ಹಿಡಿಯುತ್ತವೆ. ಬೂದು ಮಣ್ಣು ಕೆನೆ ಬಣ್ಣಕ್ಕೆ ತಿರುಗಿದರೆ ಮುಗಿಯಿತು.

ಇನ್ನು ತೊಳೆಯುವುದು. ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ. ಬೀಕರಿಗೆ ನೀರು ತುಂಬಿ ತಳ ಕೂರಲು ಬಿಡಿ, ತಿಳಿಯನ್ನು ಬಸಿಯಿರಿ, ಮತ್ತೆ ತುಂಬಿ. ಒಂದು ಸೆಂಟಿಮೀಟರ್ ಆಳಕ್ಕೆ ಒಂದು ಗಂಟೆ ಅನ್ನುವುದು ಹಳೆಯ ಲೆಕ್ಕ, 8 ಸೆಂ.ಮೀ. ನೀರಿದ್ದರೆ ರಾತ್ರಿ ಬಿಟ್ಟು ಬೆಳಿಗ್ಗೆ ಬಸಿಯಬಹುದು. ಐದಾರು ಬಾರಿ ಹೀಗೆ ಮಾಡಬೇಕು, ನೀಲಿ ಲಿಟ್ಮಸ್ ಕೆಂಪಾಗದಿರುವ ತನಕ. ಸೆಂಟ್ರಿಫ್ಯೂಜ್ ಇದ್ದರೆ ನಿಮಿಷಕ್ಕೆ 1500 ಸುತ್ತು ದಾಟಿಸಬೇಡಿ, ಉದ್ದನೆಯ ಚಿಪ್ಪುಗಳು ಮುರಿಯುತ್ತವೆ. ಕೊನೆಯ ಎರಡು ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು, ಬೋರ್‌ವೆಲ್ ನೀರು ಬೇಡವೇ ಬೇಡ. ಬ್ಯಾಟರಿ ಅಂಗಡಿಯ ನೀರು ನಡೆಯುತ್ತದೆ, ಆದರೆ ಪ್ರತಿ ಡಬ್ಬಿಯನ್ನೂ ಪರೀಕ್ಷಿಸಿ: ಒಂದು ಹನಿಯನ್ನು ಸ್ಲೈಡಿನ ಮೇಲೆ ಒಣಗಿಸಿ 10 ಪಟ್ಟು ಆಬ್ಜೆಕ್ಟಿವಿನಲ್ಲಿ (ಸ್ಲೈಡಿನ ಹತ್ತಿರವಿರುವ ಲೆನ್ಸಿನಲ್ಲಿ) ನೋಡಿ. ಉಂಗುರದ ಹಾಗೆ ಕಲೆ ಉಳಿದರೆ ಅದೇ ಕಲೆ ನಿಮ್ಮ ಪ್ರತಿ ಚಿಪ್ಪಿನ ಸುತ್ತಲೂ ಬರುತ್ತದೆ.

ಜೇಡಿ ಹೆಚ್ಚಿದ್ದರೆ 200 ಮಿ.ಲೀ. ನೀರಿಗೆ ಒಂದು ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ. ಜೇಡಿಯ ಕಣಗಳು ಒಂದಕ್ಕೊಂದು ಅಂಟದೆ ತೇಲುತ್ತವೆ, ಡಯಾಟಮ್ ತಳ ಸೇರುತ್ತದೆ. ಎರಡು ಗಂಟೆಗೆ ಮೇಲಿನ ಮಬ್ಬು ನೀರು ಬಸಿಯಬಹುದು. ಆ ನೀರಿನಲ್ಲಿ ಪುಟ್ಟ ಡಯಾಟಮ್‌ಗಳೂ ಹೋಗುತ್ತವೆ, ಹಾಗಾಗಿ ಚೆಲ್ಲದೆ ಇನ್ನೊಂದು ಬೀಕರಿನಲ್ಲಿ ಇಟ್ಟುಕೊಳ್ಳಿ. ಮರಳು ತೆಗೆಯುವುದು ಇದಕ್ಕೆ ತಿರುಗುಮುರುಗು: ರಾಗಿಯಲ್ಲಿ ಕಲ್ಲು ಜಾಲಿಸುವ ಹಾಗೆ ಬೀಕರನ್ನು ಸುತ್ತಾಡಿಸಿ, 10–15 ಸೆಕೆಂಡು ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಮರಳು ಹಿಂದೆ ಉಳಿಯುತ್ತದೆ. ಅದರ ಜೊತೆಗೆ ಅತಿ ದೊಡ್ಡ ಚಿಪ್ಪುಗಳು ಉಳಿದಿರಬಹುದು, ಒಂದು ಹನಿ ತೆಗೆದು ನೋಡದೆ ಎಸೆಯಬೇಡಿ.

ಅಂಟು

ಡಯಾಟಮ್ ಚಿಪ್ಪಿಗೆ ಬಣ್ಣವಿಲ್ಲ. ಅದು ಕಾಣುವುದು ಚಿಪ್ಪಿಗೂ ಸುತ್ತಲ ವಸ್ತುವಿಗೂ ಇರುವ ವಕ್ರೀಭವನಾಂಕದ, ಅಂದರೆ ಬೆಳಕನ್ನು ಬಗ್ಗಿಸುವ ಶಕ್ತಿಯ, ವ್ಯತ್ಯಾಸದಿಂದ. ಚಿಪ್ಪಿನದು ಸುಮಾರು 1.43. ನೀರಿನದು 1.33, ಗ್ಲಿಸರಿನ್ನಿನದು 1.47; ಗ್ಲಿಸರಿನ್ನಿನಲ್ಲಿಟ್ಟರೆ ಚಿಪ್ಪು ಇದ್ದೂ ಇಲ್ಲದಂತೆ. ನಮ್ಮ ಕಾಲೇಜುಗಳಲ್ಲಿ ಸಿಗುವ ಡಿಪಿಎಕ್ಸ್ ಅನ್ನುವ ಅಂಟು 1.52ರ ಆಸುಪಾಸು, ಕೆನಡಾ ಬಾಲ್ಸಮ್ಮೂ ಅಷ್ಟೇ. ವ್ಯತ್ಯಾಸ ಒಂಬತ್ತು–ಹತ್ತು ನೂರಂಶ. ಡಯಾಟಮ್ ಕೆಲಸಕ್ಕೆಂದೇ ಬರುವ ನ್ಯಾಫ್ರಾಕ್ಸ್ ಸುಮಾರು 1.7, ವ್ಯತ್ಯಾಸ ಎರಡೂವರೆ ಪಟ್ಟಿಗೂ ಮೇಲಾಯಿತು. ಒಂದೇ ಚಿಪ್ಪು, ಒಂದೇ ಮೈಕ್ರೋಸ್ಕೋಪ್, ಡಿಪಿಎಕ್ಸಿನಲ್ಲಿ ಮಸುಕು ನೆರಳು, ನ್ಯಾಫ್ರಾಕ್ಸಿನಲ್ಲಿ ಕಡೆದಿಟ್ಟ ಗೆರೆ. ದುಡ್ಡು ಹಾಕಬೇಕಾದ ಮೊದಲ ಜಾಗ ಇದೇ. ಕ್ಯಾಮೆರಾ ಆಮೇಲೆ.

ನ್ಯಾಫ್ರಾಕ್ಸ್ ಸಿಗದವರು ಏನು ಮಾಡಬೇಕು? ಸ್ಟೈರಾಕ್ಸ್ ಅನ್ನುವ ಅಂಟು 1.58ರದು, ಸಿಕ್ಕರೆ ಬಳಸಬಹುದು. ಅದೂ ಇಲ್ಲದಿದ್ದರೆ ಗಾಳಿಯಲ್ಲೇ ಒಣ ಸ್ಲೈಡ್ ಮಾಡಿ: ಗಾಳಿ 1.0, ಚಿಪ್ಪು 1.43, ಗೆರೆ ತುಂಬ ಗಾಢ. ಕವರ್ ಸ್ಲಿಪ್ಪಿನ ಅಂಚಿಗೆ ನೇಲ್ ಪಾಲಿಶ್ ಸವರಿ ಮುಚ್ಚಿದರಾಯಿತು. 10 ಮತ್ತು 40 ಪಟ್ಟಿಗೆ ಇದು ಚೆನ್ನ. ಲೆನ್ಸಿಗೂ ಕವರ್ ಸ್ಲಿಪ್ಪಿಗೂ ನಡುವೆ ಎಣ್ಣೆ ಹಾಕಿ ನೋಡುವ 100 ಪಟ್ಟಿಗೆ ಆಗಿಬರುವುದಿಲ್ಲ. ಚಿಪ್ಪಿನ ಸುತ್ತ ಗಾಳಿಯ ಪದರ ಇರುವುದರಿಂದ ಚಿಪ್ಪಿಗೆ ಬೀಳುವ ಬೆಳಕಿನ ಕೋನ ಒಂದು ಮಿತಿ ದಾಟುವುದಿಲ್ಲ.

ಕೂರಿಸುವ ಕ್ರಮ ಹೀಗೆ. ಚಿಪ್ಪು ಇರಬೇಕಾದದ್ದು ಕವರ್ ಸ್ಲಿಪ್ಪಿನ ಮೇಲೆ, ಸ್ಲೈಡಿನ ಮೇಲಲ್ಲ. ಆಬ್ಜೆಕ್ಟಿವಿನ ಮೇಲೆ ಕೆತ್ತಿರುವ 0.17 ಅಂದರೆ ಮಿಲಿಮೀಟರಿನಲ್ಲಿ ಕವರ್ ಸ್ಲಿಪ್ ದಪ್ಪ. ಮಾರುಕಟ್ಟೆಯಲ್ಲಿ ಅದು 1.5 ನಂಬರಿನದು, ಸಾಮಾನ್ಯವಾಗಿ ಕೈಗೆ ಸಿಗುವ 1 ನಂಬರ್ 0.13ರಿಂದ 0.16. ಚಿಪ್ಪು ಸ್ಲೈಡಿಗೆ ಅಂಟಿದ್ದರೆ ನಡುವಿನ ಅಂಟೂ ದಪ್ಪಕ್ಕೆ ಸೇರುತ್ತದೆ. 40 ಪಟ್ಟು ಒಣ ಆಬ್ಜೆಕ್ಟಿವ್ ಇದಕ್ಕೆ ಬಹಳ ಸೂಕ್ಷ್ಮ: ಎಷ್ಟು ಫೋಕಸ್ ಮಾಡಿದರೂ ಚಿತ್ರದ ಮೇಲೆ ಮಂಜು ಮುಸುಕಿದಂತಿರುತ್ತದೆ, ಜನ ಲೆನ್ಸ್ ಕೊಳೆಯಾಗಿದೆ ಎಂದು ಒರೆಸುತ್ತಲೇ ಇರುತ್ತಾರೆ.

ಸ್ಪಿರಿಟ್ಟಿನಲ್ಲಿ ಒರೆಸಿದ ಕವರ್ ಸ್ಲಿಪ್ಪನ್ನು ಮಟ್ಟವಾದ ಜಾಗದಲ್ಲಿಟ್ಟು, ಬೆಳಕಿಗೆ ಹಿಡಿದರೆ ತುಸುವೇ ಮಬ್ಬಾಗಿ ಕಾಣುವಷ್ಟು ತೆಳು ಮಾಡಿದ ಚಿಪ್ಪಿನ ನೀರನ್ನು ಅರ್ಧ ಮಿ.ಲೀ.ನಷ್ಟು ಹನಿಸಿ. ಮೇಲೆ ಬಟ್ಟಲು ಮುಚ್ಚಿ ತಾನಾಗಿ ಒಣಗಲು ಬಿಡಿ. ಬಿಸಿ ಮಾಡಿ ಒಣಗಿಸಿದರೆ ಹನಿಯೊಳಗೆ ನೀರು ಸುಳಿದು ಚಿಪ್ಪುಗಳು ಗುಂಪುಗೂಡುತ್ತವೆ. ಒಣಗಿದ ಮೇಲೆ 10 ಪಟ್ಟಿನಲ್ಲಿ ನೋಡಿ. ಒಂದರ ಮೇಲೊಂದು ಬಿದ್ದಿದ್ದರೆ ಇನ್ನೂ ತೆಳು ಮಾಡಿ ಮತ್ತೆ ಹನಿಸಿ. ಈ ಹಂತದಲ್ಲಿ ಜುಗ್ಗತನ ಒಳ್ಳೆಯದು, ಒಂದು ನೋಟದಲ್ಲಿ ಎರಡು ಮೂರು ಚಿಪ್ಪು ಬಿಡಿಬಿಡಿಯಾಗಿದ್ದರೆ ಚಿತ್ರಕ್ಕೆ ಅದೇ ಸರಿ. ಆಮೇಲೆ ಸ್ಲೈಡಿನ ಮೇಲೆ ನ್ಯಾಫ್ರಾಕ್ಸಿನ ಒಂದು ಸಣ್ಣ ಹನಿ, ಅದರ ಮೇಲೆ ಕವರ್ ಸ್ಲಿಪ್ ಬೋರಲು, ಹಾಟ್ ಪ್ಲೇಟ್ ಮೇಲೆ ಬಿಸಿ. ನ್ಯಾಫ್ರಾಕ್ಸನ್ನು ಕರಗಿಸಿಟ್ಟಿರುವ ಟಾಲ್ವೀನ್ ಗುಳ್ಳೆಗಳಾಗಿ ಹೊರಬರುತ್ತದೆ. ಅದರ ಹೊಗೆ ಉಸಿರಾಡಬಾರದು, ಕಿಟಕಿ ತೆರೆದ ಜಾಗದಲ್ಲಿ ಮಾಡಿ. ಗುಳ್ಳೆ ನಿಂತ ಮೇಲೆ ಇಳಿಸಿ, ತಣಿದ ಮೇಲೆ ಸೂಜಿಯಿಂದ ಕವರ್ ಸ್ಲಿಪ್ಪನ್ನು ಮೆಲ್ಲಗೆ ಒತ್ತಿ ನೋಡಿ. ಜಾರಿದರೆ ಟಾಲ್ವೀನ್ ಇನ್ನೂ ಇದೆ, ಮತ್ತೆ ಬಿಸಿ ಬೇಕು. ಜಾರುವ ಸ್ಲೈಡನ್ನು ಎಣ್ಣೆಯ ಆಬ್ಜೆಕ್ಟಿವಿನಡಿ ಇಟ್ಟರೆ ಎಣ್ಣೆ ಎಳೆದಂತೆಲ್ಲ ಚಿಪ್ಪು ಸರಿದು ಚಿತ್ರ ಚಿತ್ರಕ್ಕೂ ಜಾಗ ಬದಲಾಗುತ್ತದೆ. ಬಿಸಿ ಅತಿಯಾದರೆ ಅಂಟು ಕಂದಾಗಿ ಪೆಡಸಾಗುತ್ತದೆ.

ಬೆಳಕು

ಏರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟ ಲೆಕ್ಕವೇ ಇಂದಿಗೂ ನಮ್ಮ ಮಿತಿ: ಬೆಳಕಿನ ತರಂಗಾಂತರವನ್ನು ಆಬ್ಜೆಕ್ಟಿವಿನ ಎನ್.ಎ. ಮತ್ತು ಕಂಡೆನ್ಸರಿನ ಎನ್.ಎ. ಎರಡರ ಮೊತ್ತದಿಂದ ಭಾಗಿಸಿದರೆ ಬಿಡಿಸಿ ನೋಡಬಹುದಾದ ಅತಿ ಚಿಕ್ಕ ಅಂತರ ಸಿಗುತ್ತದೆ. ಎನ್.ಎ. (ನ್ಯೂಮರಿಕಲ್ ಅಪರ್ಚರ್) ಅಂದರೆ ಲೆನ್ಸ್ ಎಷ್ಟು ಅಗಲದ ಕೋನದ ಬೆಳಕನ್ನು ಹಿಡಿಯುತ್ತದೆ ಎನ್ನುವುದರ ಅಳತೆ, ಆಬ್ಜೆಕ್ಟಿವಿನ ಮೇಲೆ ಪಟ್ಟಿನ ಪಕ್ಕದಲ್ಲಿರುವ ಸಂಖ್ಯೆ: 10/0.25, 40/0.65, 100/1.25. ಹಸಿರು ಬೆಳಕಿನ ತರಂಗಾಂತರ 0.55 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಎರಡೂ ಸಮನಾಗಿದ್ದರೆ 10 ಪಟ್ಟಿಗೆ 1.1 ಮೈಕ್ರಾನ್, 40 ಪಟ್ಟಿಗೆ 0.42, 100 ಪಟ್ಟಿಗೆ 0.22. ಮೊತ್ತ ಅನ್ನುವುದನ್ನು ಗಮನಿಸಿ. ಚಿತ್ರ ಗಾಢವಾಗಲಿ ಎಂದು ಕಂಡೆನ್ಸರ್ ಡಯಾಫ್ರಮ್ಮನ್ನು (ಬೆಳಕು ಬರುವ ಬಾಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗವನ್ನು) ಪೂರ್ತಿ ಮುಚ್ಚಿಬಿಟ್ಟರೆ ಭಾಜಕದ ಅರ್ಧವನ್ನೇ ಕಳೆದುಕೊಂಡಂತೆ. ಗೆರೆಯ ಸುತ್ತ ಇನ್ನೊಂದು ಸುಳ್ಳು ಗೆರೆ ಬೇರೆ ಹುಟ್ಟುತ್ತದೆ. ಅಂಟು ಸರಿಯಿದ್ದರೆ ಡಯಾಫ್ರಮ್ ಮುಚ್ಚುವ ಅಗತ್ಯ ಬೀಳುವುದಿಲ್ಲ. ಹೀಗೆ ಒಂದು ಹಂತ ಇನ್ನೊಂದನ್ನು ಕಾಯುತ್ತದೆ.

ಬೆಳಕನ್ನು ಹೊಂದಿಸುವ ಕ್ರಮ ಆಗಸ್ಟ್ ಕೋಲರ್ 1893ರಲ್ಲಿ ಕೊಟ್ಟದ್ದು. 10 ಪಟ್ಟಿನಲ್ಲಿ ಚಿಪ್ಪಿಗೆ ಫೋಕಸ್ ಮಾಡಿ. ದೀಪದ ಬಳಿಯ ಡಯಾಫ್ರಮ್ ಮುಚ್ಚಿ. ಅದರ ಅಂಚು ಸ್ಪಷ್ಟವಾಗಿ ಕಾಣುವ ತನಕ ಕಂಡೆನ್ಸರನ್ನು ಮೇಲೆ ಕೆಳಗೆ ಮಾಡಿ, ನಡುವಿಗೆ ತನ್ನಿ, ನೋಟದ ಅಂಚಿನಾಚೆ ಹೋಗುವಷ್ಟು ತೆರೆಯಿರಿ. ಈಗ ಐಪೀಸ್ ತೆಗೆದು ಕೊಳವೆಯೊಳಗೆ ನೋಡಿ: ಬೆಳಕಿನ ವೃತ್ತ ಕಾಣುತ್ತದೆ. ಕಂಡೆನ್ಸರ್ ಡಯಾಫ್ರಮ್ಮನ್ನು ಆ ವೃತ್ತದ ಮುಕ್ಕಾಲು ಭಾಗ ಬೆಳಗುವಷ್ಟಿಡಿ. ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಮತ್ತೆ ಇಷ್ಟೂ. ವಿದ್ಯಾರ್ಥಿಗಳ ಮೈಕ್ರೋಸ್ಕೋಪಿನಲ್ಲಿ ದೀಪದ ಬಳಿ ಡಯಾಫ್ರಮ್ ಇರುವುದಿಲ್ಲ. ದೀಪದ ಗಾಜಿನ ಮೇಲೆ ಪೆನ್ಸಿಲ್ ತುದಿ ಇಟ್ಟು, ಅದರ ನೆರಳು ಸ್ಪಷ್ಟವಾಗುವ ಎತ್ತರಕ್ಕೆ ಕಂಡೆನ್ಸರ್ ತಂದರೆ ಕೆಲಸ ಬಹುಮಟ್ಟಿಗೆ ಆಯಿತು.

ನಿಮ್ಮ 40 ಪಟ್ಟು ಸರಿಯಿದೆಯೇ ಎಂದು ತಿಳಿಯಲು ಪ್ಲೂರೋಸಿಗ್ಮಾ ಅಂಗುಲೇಟಮ್ ಅನ್ನುವ ಡಯಾಟಮ್ಮೇ ಅಳತೆಗೋಲು. ಅದರ ಸಾಲುಗಳ ನಡುವೆ ಸುಮಾರು ಅರ್ಧ ಮೈಕ್ರಾನ್ ಅಂತರ. 0.65 ಎನ್.ಎ. ಇದನ್ನು ಬಿಡಿಸಲೇಬೇಕು. ಬಿಡಿಸದಿದ್ದರೆ ತಪ್ಪು ಬೆಳಕಿನಲ್ಲೋ ಕವರ್ ಸ್ಲಿಪ್ಪಿನಲ್ಲೋ ಇದೆ. 100 ಪಟ್ಟಿನ ಪರೀಕ್ಷೆಗೆ ಆಂಫಿಪ್ಲೂರಾ ಪೆಲ್ಯುಸಿಡಾ. ಅಂತರ ಕಾಲು ಮೈಕ್ರಾನ್. ಇಲ್ಲಿ ಲೆಕ್ಕ ಬಿಗಿಯಾಗುತ್ತದೆ. ಕಂಡೆನ್ಸರಿನ ಮೇಲೆ 1.25 ಎಂದು ಕೆತ್ತಿದ್ದರೂ ಸ್ಲೈಡಿನೊಡನೆ ಅದರ ನಡುವೆ ಗಾಳಿಯಿದ್ದರೆ ಕೈಗೆ ಸಿಗುವುದು 0.9ರಷ್ಟೇ. 0.55ನ್ನು 2.15ರಿಂದ ಭಾಗಿಸಿದರೆ 0.256, ಗೆರೆ ಕಾಣುವುದಿಲ್ಲ. ಕಂಡೆನ್ಸರಿನ ಮೇಲೂ ಒಂದು ಹನಿ ಎಣ್ಣೆ ಹಾಕಿ, 0.45 ಮೈಕ್ರಾನಿನ ನೀಲಿ ಬೆಳಕು ಬಳಸಿದರೆ 0.18ಕ್ಕೆ ಇಳಿಯುತ್ತದೆ, ಗೆರೆ ಎದ್ದು ಬರುತ್ತದೆ. ಡಯಾಫ್ರಮ್ಮಿನ ಒಂದು ಬದಿಯನ್ನು ಕಪ್ಪು ಕಾಗದದಿಂದ ಮರೆಮಾಡಿ ಬೆಳಕನ್ನು ಓರೆಯಾಗಿ ಬಿಟ್ಟರೆ ಗೆರೆ ಇನ್ನೂ ಗಾಢ. ಓರೆ ಬೆಳಕು ಒಂದು ದಿಕ್ಕಿನ ಗೆರೆಯನ್ನು ಮಾತ್ರ ಎತ್ತಿ ತೋರಿಸುತ್ತದೆ, ಆದ್ದರಿಂದ ಸ್ಲೈಡನ್ನು ತಿರುಗಿಸಿ ನೋಡಬೇಕು.

ಸಾಮಾನ್ಯ ಅಕ್ರೊಮ್ಯಾಟ್ ಲೆನ್ಸ್ ಇರುವವರು ಹಸಿರು ಫಿಲ್ಟರ್ ಹಾಕಿ ಕಪ್ಪು–ಬಿಳುಪು ಚಿತ್ರ ತೆಗೆಯಿರಿ. ಆ ಲೆನ್ಸುಗಳನ್ನು ಹಸಿರಿಗೇ ಹೆಚ್ಚು ತಿದ್ದಿರುತ್ತಾರೆ. ಅಂಚಿನ ನೇರಳೆ ಗೆರೆಗಳು ಮಾಯವಾಗಿ ಚಿತ್ರ ಬೇರೆ ಲೆನ್ಸಿನದೇನೋ ಅನ್ನಿಸುತ್ತದೆ.

ಡಾರ್ಕ್‌ಫೀಲ್ಡ್, ಅಂದರೆ ಕಪ್ಪು ಹಿನ್ನೆಲೆಯಲ್ಲಿ ಚಿಪ್ಪು ಮಾತ್ರ ಹೊಳೆಯುವಂತೆ ಬೆಳಕು ಬಿಡುವುದು, ನನಗೆ ಬಹಳ ಇಷ್ಟ. ಕಂಡೆನ್ಸರಿನ ಫಿಲ್ಟರ್ ಹಿಡಿಕೆಯಲ್ಲಿ ಪಾರದರ್ಶಕ ಹಾಳೆಯ ನಡುವೆ ಕಪ್ಪು ಬಿಲ್ಲೆ ಅಂಟಿಸಿ ಇಟ್ಟರೆ 10 ಪಟ್ಟಿಗೆ ಸಾಕು. ಐಪೀಸ್ ತೆಗೆದು ನೋಡಿದಾಗ ವೃತ್ತ ಪೂರ್ತಿ ಕಪ್ಪಾಗಬೇಕು, ಅಷ್ಟೇ ಬಿಲ್ಲೆಯ ಗಾತ್ರ. ಬಣ್ಣವಿಲ್ಲದ ಚಿಪ್ಪುಗಳು ಆಗ ನೀಲಿ, ಹೊನ್ನು, ಹಸಿರಾಗಿ ಹೊಳೆಯುತ್ತವೆ. ಸೂಕ್ಷ್ಮ ರಂಧ್ರಗಳ ಸಾಲು ಬೆಳಕನ್ನು ಚೆದುರಿಸಿ ಬಿಡಿಸುವುದರಿಂದ ಹುಟ್ಟುವ ಬಣ್ಣ ಅದು. ಆದರೆ ಡಾರ್ಕ್‌ಫೀಲ್ಡಿನಲ್ಲಿ ಪ್ರತಿ ಧೂಳಿನ ಕಣವೂ ನಕ್ಷತ್ರವಾಗುತ್ತದೆ, ತೊಳೆತದಲ್ಲಿ ಬಿಟ್ಟ ಕೊಳೆಯೆಲ್ಲ ಅಲ್ಲಿ ಲೆಕ್ಕ ಕೊಡುತ್ತದೆ.

ಫೋಕಸ್, ಮತ್ತು ಚಿತ್ರಗಳನ್ನು ಪೇರಿಸುವುದು

ಆಕ್ಟಿನಾಪ್ಟಿಕಸ್ ಅನ್ನುವ ಕುಲವನ್ನು ತೆಗೆದುಕೊಳ್ಳಿ. ದುಂಡು ಕವಾಟ, ಕೇಂದ್ರದಿಂದ ಅಂಚಿಗೆ ಸಾಮಾನ್ಯವಾಗಿ ಆರು ಭಾಗ. ಒಂದು ಭಾಗ ಉಬ್ಬು, ಪಕ್ಕದ್ದು ತಗ್ಗು, ಮತ್ತೆ ಉಬ್ಬು. 40 ಪಟ್ಟಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1.3 ಮೈಕ್ರಾನ್ ಮಾತ್ರ. ಉಬ್ಬಿಗೆ ಫೋಕಸ್ ಮಾಡಿದರೆ ಮೂರು ಭಾಗ ಚೊಕ್ಕ, ಮೂರು ಮಸುಕು, ತಗ್ಗಿಗಿಳಿದರೆ ಅದಲುಬದಲು. ಇಂಥದ್ದಕ್ಕೆ ಬೇರೆ ಬೇರೆ ಎತ್ತರದಲ್ಲಿ ಚಿತ್ರ ತೆಗೆದು ಹೀಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ತರಹದ ತಂತ್ರಾಂಶದಲ್ಲಿ ಒಂದಾಗಿ ಪೇರಿಸಬೇಕು. ಹೆಜ್ಜೆ ಆ ಆಳದ ಅರ್ಧದಷ್ಟಿರಲಿ: 10 ಪಟ್ಟಿಗೆ 4 ಮೈಕ್ರಾನ್, 40 ಪಟ್ಟಿಗೆ 0.6, ಎಣ್ಣೆಯ 100 ಪಟ್ಟಿಗೆ ಕಾಲು ಮೈಕ್ರಾನ್. ಹೆಚ್ಚಿನ ಮೈಕ್ರೋಸ್ಕೋಪಿನಲ್ಲಿ ಫೈನ್ ಫೋಕಸ್ ತಿರುಪಿನ ಒಂದು ಗೀಟು 2 ಮೈಕ್ರಾನ್, ಕೆಲವದರಲ್ಲಿ 1. ನಿಮ್ಮದರ ಕೈಪಿಡಿ ನೋಡಿಕೊಳ್ಳಿ. ತಿರುಪನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ಹಿಂದೆ ಮುಂದೆ ಮಾಡಿದರೆ ಹಲ್ಲುಚಕ್ರದ ಸಡಿಲದಿಂದ ಹೆಜ್ಜೆ ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಡಯಾಟಮ್ ಪಾರದರ್ಶಕ. ಫೋಕಸ್ ಮೇಲಕ್ಕೆ ಹೋದಂತೆ ಬೆಳಕು ವಕ್ರೀಭವನಾಂಕ ಹೆಚ್ಚಿರುವ ಕಡೆ ಸರಿಯುತ್ತದೆ. ನ್ಯಾಫ್ರಾಕ್ಸಿನಲ್ಲಿ ರಂಧ್ರದೊಳಗೆ ತುಂಬಿರುವ ಅಂಟಿನ ಅಂಕ ಹೆಚ್ಚು, ಹಾಗಾಗಿ ಮೇಲಿನ ಫೋಕಸಿನಲ್ಲಿ ರಂಧ್ರ ಬಿಳಿ ಚುಕ್ಕೆ. ಕೂದಲೆಳೆಯಷ್ಟು ಇಳಿಸಿದರೆ ಅದೇ ರಂಧ್ರ ಕಪ್ಪು ಚುಕ್ಕೆ. ಗಾಳಿಯ ಸ್ಲೈಡಿನಲ್ಲಿ ಇದು ತಿರುಗುಮುರುಗು. ತಂತ್ರಾಂಶಕ್ಕೆ ಇದೆಲ್ಲ ತಿಳಿಯದು. ಎರಡೂ ಗಾಢವಾಗಿರುವುದರಿಂದ ಎರಡನ್ನೂ ಆರಿಸಿಕೊಂಡು, ಚಿಪ್ಪಿನ ಮೇಲೆ ಇಲ್ಲದ ಉಂಗುರಗಳನ್ನು ಹೆಣೆದಿಡುತ್ತದೆ. ಕಾಸ್ಸಿನೋಡಿಸ್ಕಸ್‌ನಂಥ ದಪ್ಪ ಚಿಪ್ಪಿನಲ್ಲಿ ಪ್ರತಿ ಕೋಣೆಗೂ ಹೊರಗೊಂದು ಜಾಲರಿ, ಒಳಗೊಂದು ಬಾಯಿ. ಮೇಲಿನಿಂದ ಕೆಳಗಿನ ತನಕ ಒಂದೇ ರಾಶಿ ಮಾಡಿದರೆ ಎರಡೂ ಕಲಸಿಹೋಗುತ್ತವೆ. ಹೊರಪದರಕ್ಕೆ ಒಂದು ಸಣ್ಣ ರಾಶಿ, ಒಳಪದರಕ್ಕೆ ಇನ್ನೊಂದು ಮಾಡಿ. ಪೇರಿಸಿದ ಚಿತ್ರ ಕೊಡುವಾಗ ಒಂದಾದರೂ ಬಿಡಿ ಚಿತ್ರವನ್ನು ಜೊತೆಗಿಡಿ, ನೋಡುವವರಿಗೆ ಹೋಲಿಸಲು ಆಧಾರ ಬೇಕು.

ಈಗ ಕ್ಯಾಮೆರಾ

40 ಪಟ್ಟಿನಲ್ಲಿ 0.42 ಮೈಕ್ರಾನ್ ಅಂತರ ಸೆನ್ಸರಿನ ಮೇಲೆ 17 ಮೈಕ್ರಾನ್ ಆಗಿ ಬೀಳುತ್ತದೆ. ಅದನ್ನು ಹಿಡಿಯಲು ಕನಿಷ್ಠ ಎರಡು ಪಿಕ್ಸೆಲ್ ಬೇಕು, ಅಂದರೆ ಪಿಕ್ಸೆಲ್ 8 ಮೈಕ್ರಾನಿಗಿಂತ ಚಿಕ್ಕದಿದ್ದರೆ ಸಾಕು. ಇಂದಿನ ಸಾಮಾನ್ಯ ಮಿರರ್‌ಲೆಸ್ ಕ್ಯಾಮೆರಾದ ಪಿಕ್ಸೆಲ್ 4ರ ಆಸುಪಾಸು. ಬಿಗಿ ಇರುವುದು 10 ಪಟ್ಟಿನಲ್ಲಿ: 1.1 ಮೈಕ್ರಾನ್ 11 ಆಗುತ್ತದೆ, ಪಿಕ್ಸೆಲ್ 5.5 ಮೀರಬಾರದು. ನಡುವೆ 0.5 ಪಟ್ಟಿನ ಅಡಾಪ್ಟರ್ ಹಾಕಿದರೆ ಅದೂ ಅರ್ಧಕ್ಕೆ ಇಳಿಯುತ್ತದೆ. ಇಷ್ಟೇ ಲೆಕ್ಕ. ಮೆಗಾಪಿಕ್ಸೆಲ್ ಓಟಕ್ಕೆ ಬೀಳಬೇಡಿ.

ಅದಕ್ಕಿಂತ ಮುಖ್ಯವಾದದ್ದು ಅಲುಗಾಟ. ಯಾಂತ್ರಿಕ ಶಟರ್ ಬಡಿದರೆ 100 ಪಟ್ಟಿನಲ್ಲಿ ಕಾಲು ಮೈಕ್ರಾನ್ ಗೆರೆ ಉಳಿಯುವುದಿಲ್ಲ. ಎಲೆಕ್ಟ್ರಾನಿಕ್ ಶಟರ್, ಎರಡು ಸೆಕೆಂಡ್ ಟೈಮರ್, ಗಟ್ಟಿ ಮೇಜು ಇರಲಿ. ಪಕ್ಕದ ಕೋಣೆಯಲ್ಲಿ ಮಿಕ್ಸಿ ಓಡದ ಹೊತ್ತು ಆರಿಸಿಕೊಳ್ಳಿ. ಎಲೆಕ್ಟ್ರಾನಿಕ್ ಶಟರಿನಲ್ಲಿ ಎಲ್‌ಇಡಿ ಮಂದ ಮಾಡಿದಾಗ ಅಡ್ಡಪಟ್ಟೆ ಬರಬಹುದು. ಎಲ್‌ಇಡಿಗಳನ್ನು ವೇಗವಾಗಿ ಆರಿಸಿ ಹೊತ್ತಿಸಿಯೇ ಮಂದ ಮಾಡುವುದು ರೂಢಿ. ಬೆಳಕನ್ನು ಪೂರ್ತಿಯಿಟ್ಟು ಬೂದು ಫಿಲ್ಟರಿನಿಂದ ಕಡಿಮೆ ಮಾಡಿ. ಐಎಸ್‌ಒ ಕನಿಷ್ಠ, ಚಿತ್ರ ರಾ (ಕ್ಯಾಮೆರಾ ತಿದ್ದದ ಮೂಲ) ರೂಪದಲ್ಲಿ. ಚಿಪ್ಪಿಲ್ಲದ ಖಾಲಿ ಜಾಗದ ಒಂದು ಚಿತ್ರವನ್ನೂ ತೆಗೆದಿಟ್ಟುಕೊಂಡರೆ ಇಮೇಜ್‌ಜೆಯಂಥ ಉಚಿತ ತಂತ್ರಾಂಶದಲ್ಲಿ ಅದರಿಂದ ಭಾಗಿಸಿ ಸೆನ್ಸರಿನ ಕಲೆ, ಬೆಳಕಿನ ಏರುಪೇರು ತೆಗೆಯಬಹುದು.

ಅಳತೆಪಟ್ಟಿ ಇಲ್ಲದ ಡಯಾಟಮ್ ಚಿತ್ರ ಗೋಡೆಗೆ ಸರಿ, ಅಧ್ಯಯನಕ್ಕೆ ಸಾಲದು. ಸ್ಟೇಜ್ ಮೈಕ್ರೋಮೀಟರಿನ ಒಂದು ಗೀಟು 10 ಮೈಕ್ರಾನ್. ಪ್ರತಿ ಆಬ್ಜೆಕ್ಟಿವಿಗೂ ಒಮ್ಮೆ ಅದರ ಚಿತ್ರ ತೆಗೆದು ಪಿಕ್ಸೆಲ್ ಲೆಕ್ಕ ಬರೆದಿಡಿ. ‘1000 ಪಟ್ಟು’ ಎಂದು ಬರೆಯುವುದರಲ್ಲಿ ಅರ್ಥವಿಲ್ಲ, ಪರದೆ ಬದಲಾದಂತೆ ಅದೂ ಬದಲಾಗುತ್ತದೆ. ಪ್ರಭೇದ ಗುರುತಿಸುವವರು ಕೇಳುವುದು 10 ಮೈಕ್ರಾನಿನಲ್ಲಿ ಎಷ್ಟು ಸಾಲು ಎಂದು. ಜೊತೆಗೆ ಮಣ್ಣು ಎಲ್ಲಿಯದು, ಯಾವ ಅಂಟು, ಯಾವ ಆಬ್ಜೆಕ್ಟಿವ್, ಎಷ್ಟು ಚಿತ್ರ ಪೇರಿಸಿದ್ದು ಅನ್ನುವುದನ್ನೂ ಬರೆಯಿರಿ.

ಸಭಿಕರ ಪ್ರಶ್ನೆಗಳು

‘ಸರ್, ಫೋನಿನಲ್ಲಿ ತೆಗೆದರೆ ಆಗುವುದಿಲ್ಲವೇ?’

ಆಗುತ್ತದೆ. ಐಪೀಸಿಗೆ ಬಿಗಿಯಾಗಿ ಕೂರುವ ಹಿಡಿಕೆ ಬೇಕು, ಕೈಯಲ್ಲಿ ಹಿಡಿದರೆ ಫೋನ್ ಓರೆಯಾಗಿ ಒಂದು ಬದಿ ಮಸುಕಾಗುತ್ತದೆ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಫೋನ್ ತಾನಾಗಿ ಚಿತ್ರವನ್ನು ಹರಿತಗೊಳಿಸುತ್ತದೆ, ಅದು ರಂಧ್ರದ ಸುತ್ತ ಸುಳ್ಳು ಅಂಚು ಬರೆಯುತ್ತದೆ. ರಾ ಸೌಲಭ್ಯವಿದ್ದರೆ ಅದರಲ್ಲೇ ತೆಗೆಯಿರಿ.

‘ಇಮ್ಮರ್ಷನ್ ಆಯಿಲ್ ಬದಲು ಮನೆಯ ಎಣ್ಣೆ ಹಾಕಬಹುದೇ?’

ಬೇಡ. ಗಾಜು ಮತ್ತು ಇಮ್ಮರ್ಷನ್ ಆಯಿಲ್ ಎರಡೂ 1.515. ಕೊಬ್ಬರಿ ಎಣ್ಣೆ 1.45, ಹರಳೆಣ್ಣೆ 1.48. ಈ ವ್ಯತ್ಯಾಸ ಸಾಕು ಚಿತ್ರ ಕೆಡಿಸಲು. ಕೆಲಸ ಮುಗಿದ ತಕ್ಷಣ ಲೆನ್ಸ್ ಟಿಶ್ಯೂನಿಂದ ಎಣ್ಣೆ ಒರೆಸಿ. ಮಳೆಗಾಲದಲ್ಲಿ ಆಬ್ಜೆಕ್ಟಿವುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

‘ಓಮರೂ ಮಣ್ಣು ನಮಗೆಲ್ಲಿ ಸಿಗಬೇಕು? ಇಲ್ಲೇ ಶುರು ಮಾಡಲು ಏನಾದರೂ ಇದೆಯೇ?’

ತೋಟಗಾರಿಕೆ ಅಂಗಡಿಯಲ್ಲಿ ಕೀಟ ತಡೆಯಲು ಮಾರುವ ಡಯಾಟಮೇಷಿಯಸ್ ಅರ್ಥ್ ಪಳೆಯುಳಿಕೆಯೇ. ಕೀಟದ ಮೈಮೇಲಿನ ಮೇಣವನ್ನು ಹೀರಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಕೊಳ್ಳುವಾಗ ಈಜುಕೊಳದ ಫಿಲ್ಟರಿನ ಬಗೆ ಬೇಡ. ಅದನ್ನು ಅತಿ ಬಿಸಿಯಲ್ಲಿ ಸುಟ್ಟಿರುತ್ತಾರೆ, ಚಿಪ್ಪು ಕರಗಿ ಅಂಟಿಕೊಂಡಿರುತ್ತದೆ, ಅದರ ಹರಳು ಸಿಲಿಕಾದ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಸುಡದ, ಫುಡ್ ಗ್ರೇಡ್ ಎಂದಿರುವುದನ್ನು ತನ್ನಿ, ಅದನ್ನೂ ಮಾಸ್ಕ್ ಹಾಕಿಕೊಂಡೇ ಬಿಚ್ಚಿ, ಬಿಚ್ಚಿದ ಕೂಡಲೇ ನೀರಿಗೆ ಹಾಕಿ. ಹಲವು ಪೊಟ್ಟಣಗಳಲ್ಲಿ ಇರುವುದು ಸಿಹಿನೀರಿನ ಔಲಕೋಸೈರಾ, ಪುಟ್ಟ ಕೊಳವೆಯಾಕಾರದ್ದು; ಪುಡಿ ಮಾಡಿದ ಕಾರಣ ಅರ್ಧಕ್ಕರ್ಧ ಚೂರಾಗಿರುತ್ತದೆ, ಆದರೂ ಇಡಿಯಾಗಿ ಉಳಿದವು ಸಿಗುತ್ತವೆ. ಕೊಳವೆಯ ಮೈಮೇಲೆ ರಂಧ್ರಗಳ ಸಾಲು 40 ಪಟ್ಟಿನಲ್ಲಿ ಕಾಣಬೇಕು.

‘ಕೆರೆಯ ಕೆಸರಿನಲ್ಲಿ ಸಿಗುವುದನ್ನು ಪಳೆಯುಳಿಕೆ ಅನ್ನಬಹುದೇ?’

ಮೇಲ್ಪದರದ ಕೆಸರಿನಲ್ಲಿರುವುದು ಇತ್ತೀಚಿನ ಚಿಪ್ಪು. ಆಸಿಡ್ ತೊಳೆತಕ್ಕೆ ಮೊದಲೇ ಒಂದು ಹನಿ ನೋಡಿ: ಒಳಗೆ ಹೊನ್ನಗಂದು ಬಣ್ಣದ ಕ್ಲೋರೋಪ್ಲಾಸ್ಟ್ ಇದ್ದರೆ ಅದು ಜೀವಂತ, ಖಾಲಿಯಿದ್ದರೆ ಸತ್ತದ್ದು. ಸತ್ತದ್ದು ಎಷ್ಟು ಹಳೆಯದು ಎನ್ನುವುದನ್ನು ಚಿಪ್ಪು ನೋಡಿ ಹೇಳಲಾಗದು. ಅದಕ್ಕೆ ಕೆಸರನ್ನು ಪದರ ಕದಡದಂತೆ ಕೊಳವೆಯಲ್ಲಿ ತೆಗೆದು, ಪದರಪದರವಾಗಿ ಕಾಲ ನಿರ್ಣಯಿಸಬೇಕು. ಚಿತ್ರ ತೆಗೆಯುವ ಅಭ್ಯಾಸಕ್ಕಂತೂ ಕುಕ್ಕರಹಳ್ಳಿಯ ಕೆಸರು ಧಾರಾಳವಾಗಿ ಸಾಕು. ತೊಳೆಯುವ ಕ್ರಮ ಅದೇ. ಸಾವಯವ ಕೊಳೆ ಹೆಚ್ಚಿರುವುದರಿಂದ ಪೆರಾಕ್ಸೈಡನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ, ದೊಡ್ಡ ಬೀಕರಿನಲ್ಲಿ ಹಾಕಿ. ಒಮ್ಮೆಲೇ ಹಾಕಿದರೆ ಉಕ್ಕಿ ಹೊರಗೆ ಚೆಲ್ಲುತ್ತದೆ.